ಹನ್ನೊಂದನೇ ಲ್ಯಾಪ್‌ಟಾಪ್ ಸುರಕ್ಷಿತವೆಂದು ಹೇಳಿದವರಿಗೆ

ಮಾನ್ಯ ಗ್ರಾಹಕ ಸುರಕ್ಷತಾ ಅಧಿಕಾರಿಗಳೇ,

ನಮ್ಮ ಗ್ರಂಥಾಲಯದ ಒಂದು ಲ್ಯಾಪ್‌ಟಾಪ್ ಈ ಊರಿನ ಯಾವುದೋ ಮನೆಯಲ್ಲಿ, ಹಾಸಿಗೆ ಹಿಡಿದ ಒಬ್ಬ ವೃದ್ಧೆಯ ಹೊದಿಕೆಯೊಳಗಿದೆ. ಅದರ ಬ್ಯಾಟರಿ ಯಾವ ಕ್ಷಣದಲ್ಲಾದರೂ ಹೊತ್ತಿಕೊಳ್ಳಬಹುದು. ಆ ಮನೆ ಎಲ್ಲಿದೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿ ನಿಮ್ಮ ಕೈಯಲ್ಲಿದೆ; ನೀವು ಕೈ ಕಟ್ಟಿ ಕೂತಿದ್ದೀರಿ. ಹದಿನೇಳು ದಿನಗಳಿಂದ ಫೋನು ಸದ್ದು ಮಾಡಿದರೆ ಆ ಮನೆಯ ಸುದ್ದಿಯೇ ಎಂದು ಓಡಿಹೋಗಿ ಎತ್ತುತ್ತೇನೆ. ಹಾಗಾಗಿ ಕುಶಲೋಪರಿಯ ಮಾತುಗಳನ್ನು ಬಿಟ್ಟಿದ್ದೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನಿಮ್ಮ ಕಚೇರಿಯಲ್ಲಿ ಈ ಅಭ್ಯಾಸವಿಲ್ಲವೆಂದು ಬಲ್ಲೆ, ಆದರೂ ಯಾರಾದರೂ ಶುರುಮಾಡಬೇಕಲ್ಲ. ಮನೆಯಿಂದ ಹೊರಬರಲಾಗದ ಓದುಗರಿಗೆಂದು ಎರಡು ವರ್ಷದ ಹಿಂದೆ ನಮಗೆ ಹದಿನಾಲ್ಕು ಲ್ಯಾಪ್‌ಟಾಪ್‌ಗಳು ಬಂದವು. ಪುಸ್ತಕಗಳನ್ನು ಓದಿ ಹೇಳುವ ಧ್ವನಿಮುದ್ರಣಗಳನ್ನು ತುಂಬಿ, ಆರಾರು ತಿಂಗಳಿಗೆ ಎರವಲು ಕೊಡುತ್ತಿದ್ದೆವು. ಗ್ರಂಥಾಲಯಕ್ಕೆ ಏನೇ ಬರಲಿ, ಅದಕ್ಕೆ ನಮ್ಮ ನಂಬರಿನ ಚೀಟಿ ಅಂಟಿಸುವುದು ನನ್ನ ಇಪ್ಪತ್ತಾರು ವರ್ಷಗಳ ರೂಢಿ. ಗೋಡೆ ಗಡಿಯಾರಕ್ಕೂ ಅಂಟಿಸಿದ್ದೇನೆ. ಲ್ಯಾಪ್‌ಟಾಪ್ ಬೋರಲು ಹಾಕಿದರೆ ತಳದಲ್ಲಿ ಬ್ಯಾಟರಿ, ಅದರ ಮೇಲೆ ಕಂಪನಿಯ ಉದ್ದನೆಯ ನಂಬರು. ಒಂದೇ ವಸ್ತುವಿಗೆ ಎರಡು ನಂಬರಿದ್ದರೆ ಓದುಗರಿಗೆ ಗೊಂದಲ ಎಂದುಕೊಂಡು ಕಂಪನಿಯ ನಂಬರು ಪೂರ್ತಿ ಮುಚ್ಚುವ ಹಾಗೆ ನಮ್ಮ ಚೀಟಿ ಅಂಟಿಸಿದೆ. ಪುಸ್ತಕಗಳಿಗೆ ರಟ್ಟು ಕಟ್ಟುವ ನಮ್ಮ ಬೈಂಡರ್ ಕಲಸಿಕೊಟ್ಟ ಅಂಟು ಅದು. ಕೆರೆದರೆ ಕೆಳಗಿನ ಅಕ್ಷರವೂ ಕಿತ್ತುಬರುತ್ತದೆ.

ಕಳೆದ ತಿಂಗಳು ವಾಪಸು ಬಂದ ನಾಲ್ಕನೇ ಲ್ಯಾಪ್‌ಟಾಪ್ ಮೇಜಿನ ಮೇಲೆ ಅಲುಗಾಡುತ್ತಿತ್ತು. ಮೇಜಿನ ಕಾಲು ಸರಿಯಿಲ್ಲವೆಂದು ನಾನು ಕಾಲಡಿಗೆ ರಟ್ಟಿನ ಚೂರು ಸಿಕ್ಕಿಸುತ್ತಿದ್ದೆ. ಬೈಂಡರ್ ಬಂದು ಲ್ಯಾಪ್‌ಟಾಪನ್ನು ಎತ್ತಿ ನೋಡಿದ.

"ಮೇಡಂ, ಮೇಜು ಸರಿಯಾಗೇ ಇದೆ. ಹೊಟ್ಟೆ ಊದಿಕೊಂಡಿರೋದು ಇದಕ್ಕೆ."

ಉಗುರಿಗೆ ಹಚ್ಚುವ ಬಣ್ಣದಂಥ ಸಿಹಿ ವಾಸನೆ ಬರುತ್ತಿತ್ತು. ಅವನು ಅದನ್ನು ಕಬ್ಬಿಣದ ತಟ್ಟೆಯಲ್ಲಿಟ್ಟುಕೊಂಡು ಹಿತ್ತಲಿಗೆ ಒಯ್ದು, ನೆಲಕ್ಕಿಟ್ಟು, ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಭುಸ್ಸೆಂದು ಬೆಂಕಿ ಎದ್ದಿತು. ಆರಿತು ಅಂದುಕೊಂಡಾಗಲೆಲ್ಲ ಮತ್ತೆ ಎದ್ದಿತು. ಎರಡು ನಿಮಿಷ ಮುಂಚೆ ಅದು ಹಳೆಯ ಪತ್ರಿಕೆಗಳ ಕಪಾಟಿನ ಪಕ್ಕದಲ್ಲಿತ್ತು, ಎದುರಿಗೆ ಐವರು ಓದುತ್ತ ಕೂತಿದ್ದರು. ಬೈಂಡರ್‌ನ ಎಡಗಡೆಯ ಹುಬ್ಬು ಇನ್ನೂ ಬೆಳೆದಿಲ್ಲ.

ಇದಾದ ಎಂಟು ದಿನಕ್ಕೆ ನಿಮ್ಮ ಆದೇಶ ಹೊರಬಿತ್ತು: ಆ ಕಂಪನಿಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಲಾಗುತ್ತಿದೆ, ಗ್ರಾಹಕರು ಇಂಥ ಜಾಲತಾಣದಲ್ಲಿ ಮೊದಲು ತಮ್ಮ ಮೊಬೈಲ್ ನಂಬರು, ನಂತರ ಬ್ಯಾಟರಿಯ ನಂಬರು ಹಾಕಿ ಪರೀಕ್ಷಿಸಿಕೊಳ್ಳತಕ್ಕದ್ದು. ನಾವು ಯಾವ ಪರೀಕ್ಷೆಗೂ ಕಾಯದೆ ಎಲ್ಲರಿಗೂ ಫೋನು ಮಾಡಿ ಹನ್ನೆರಡು ಲ್ಯಾಪ್‌ಟಾಪ್‌ಗಳನ್ನು ತರಿಸಿಕೊಂಡೆವು. ಈಗ ಅವು ಹಿತ್ತಲಿನ ಮರಳಿನಲ್ಲಿವೆ. ತಂದುಕೊಟ್ಟವರಲ್ಲಿ ಒಬ್ಬರು ನಿವೃತ್ತ ಅಂಚೆಯವರು. ಅವರಿಗೆ ಕೊಂಚ ಬೇಸರವೇ ಆಗಿತ್ತು.

"ಸುಮ್ಮನೆ ಓಡಾಡಿಸಿದಿರಲ್ಲಮ್ಮ. ನಾನಾಗಲೇ ನೋಡಿದ್ದೆ, ಸುರಕ್ಷಿತ ಅಂತ ಬಂತು."

"ಯಾವ ನಂಬರು ಹಾಕಿದಿರಿ?"

"ಹಿಂದುಗಡೆ ನೀವೇ ಅಂಟಿಸಿದ್ದೀರಲ್ಲ, ಅದೇ!"

ಅವರೆದುರಿಗೇ ಆ ಜಾಲತಾಣ ತೆರೆದು ನಮ್ಮ ಗ್ರಂಥಾಲಯದ ನಂಬರುಗಳನ್ನು ಒಂದೊಂದಾಗಿ ಹಾಕಿದೆ. ಪ್ರತಿಸಲವೂ ಹಸಿರು ಅಕ್ಷರದಲ್ಲಿ, "ನಿಮ್ಮ ಬ್ಯಾಟರಿ ಸುರಕ್ಷಿತ. ಬಳಕೆ ಮುಂದುವರಿಸಿ." ನಮ್ಮ ಮನೆಯ ಬಾಗಿಲ ನಂಬರು ಹಾಕಿದೆ, ಸುರಕ್ಷಿತ. ನನ್ನ ಚಪ್ಪಲಿಯ ಅಳತೆ ಹಾಕಿದೆ. ಅದೂ ಸುರಕ್ಷಿತ, ಬಳಕೆ ಮುಂದುವರಿಸಬಹುದಂತೆ. ಕೊನೆಗೆ ನಾಲ್ಕನೆಯದರ ನಂಬರು ಹಾಕಿದಾಗಲೂ ಅದೇ ಹಸಿರು ಬಂತು. ಬೈಂಡರ್ ನನ್ನ ಭುಜದ ಹಿಂದಿನಿಂದ ಇಣುಕಿ, "ಸುಟ್ಟು ಬೂದಿಯಾದ ಮೇಲೆ ಇನ್ನೇನು ಭಯ ಬಿಡಿ ಮೇಡಂ, ಪೂರ್ತಿ ಸುರಕ್ಷಿತ" ಎಂದ. ನಗಲು ಹೋದೆ, ಆಗಲಿಲ್ಲ.

ಅಧಿಕಾರಿಗಳೇ, "ಈ ನಂಬರು ನಮಗೆ ಗೊತ್ತಿಲ್ಲ" ಎನ್ನುವುದಕ್ಕೂ "ಭಯವಿಲ್ಲ" ಎನ್ನುವುದಕ್ಕೂ ವ್ಯತ್ಯಾಸವಿಲ್ಲವೇ? ಕಾಯಿಲೆಯ ಹೆಸರು ತಿಳಿಯಲಿಲ್ಲವೆಂದು ರೋಗಿಗೆ ಆರೋಗ್ಯವಂತನೆಂಬ ಪ್ರಮಾಣಪತ್ರ ಕೊಡುವ ವೈದ್ಯರನ್ನು ನೀವು ಸುಮ್ಮನೆ ಬಿಡುತ್ತೀರಾ? ಒಂದು ಅಂಕಿ ತಪ್ಪಿ ಒತ್ತಿದವರು, ಕನ್ನಡಕ ಸಿಗದೆ ಮೂರನ್ನು ಎಂಟು ಎಂದು ಓದಿದವರು, ನನ್ನಂಥವಳು ಚೀಟಿ ಅಂಟಿಸಿದ್ದರಿಂದ ಮೋಸಹೋದವರು ಎಷ್ಟು ಮಂದಿಯೋ. ಅವರಿಗೆಲ್ಲ ಆ ಜಾಲತಾಣ ನಿಮ್ಮ ಕಚೇರಿಯ ಮುದ್ರೆಯ ಕೆಳಗೇ ಧೈರ್ಯ ಹೇಳಿ ಕಳಿಸಿದೆ.

ಉಳಿದಿರುವುದು ಹನ್ನೊಂದನೆಯದು. ಅದನ್ನು ಒಯ್ದವರು ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಸೊಂಟ ಮುರಿದುಕೊಂಡು ಮಲಗಿರುವ ಅತ್ತೆಗಾಗಿ. ಅವಧಿ ಮುಂದುವರಿಸಿಕೊಳ್ಳಲು ಬಂದಾಗ ಆಕೆ ಹೇಳಿದ್ದರು, "ನಮ್ಮತ್ತೆ ಅದನ್ನ ಹೊಟ್ಟೆ ಮೇಲೆ ಇಟ್ಕೊಂಡೇ ಕಥೆ ಕೇಳೋದು. ಈಚೀಚೆಗೆ ಒಳ್ಳೆ ಬೆಚ್ಚಗಿರತ್ತಂತೆ, ಕೊಡೋದೇ ಇಲ್ಲ ಅಂತಾರೆ." ನಾನು ನಕ್ಕು, "ಹಾಗಾದರೆ ಬಿಸಿನೀರಿನ ಚೀಲ ಬೇರೆ ಬೇಡ ಬಿಡಿ" ಎಂದು ಮುಂದಿನ ದಿನಾಂಕದ ಮೊಹರು ಒತ್ತಿದೆ. ಬೆಚ್ಚಗಾಗುವುದೇ ಮೊದಲ ಲಕ್ಷಣವೆಂದು ನಿಮ್ಮ ಆದೇಶದಲ್ಲಿ ಓದಿದ ದಿನದಿಂದ ನನ್ನ ಆ ನಗು ನನಗೇ ಕೇಳಿಸುತ್ತಿದೆ.

ಆಕೆಯ ಫೋನು ಬದಲಾಗಿದೆ. ಕಳಿಸಿದ ಪತ್ರ ವಾಪಸು ಬಂತು. ನಾನೂ ಬೈಂಡರೂ ಮನೆಗೇ ಹೋಗಿ ನೋಡಿದೆವು: ಬಾಗಿಲಿಗೆ ಬೇರೆಯವರ ಬೀಗ, ಕಿಟಕಿಯ ಸರಳಿಗೆ ಸಿಕ್ಕಿಕೊಂಡ ಒಂದಷ್ಟು ನೂಲು. ಊರೊಳಗೇ ಮನೆ ಬದಲಿಸಿದರಂತೆ, ಎಲ್ಲಿಗೆಂದು ಅಕ್ಕಪಕ್ಕದವರಿಗೂ ತಿಳಿಯದು. ಆದರೆ ಅಲ್ಲಿ ತರಕಾರಿ ಮಾರುವವಳು ಒಂದು ಮಾತು ಹೇಳಿದಳು: "ಬ್ಯಾಟರಿ ಸುದ್ದಿ ಬಂದ ದಿನ ಅವಳೂ ಹೆದರಿದ್ದಳು. ಮಾರನೇ ದಿನ ಮೊಬೈಲಲ್ಲಿ ಹಸಿರು ಅಕ್ಷರ ತೋರಿಸಿದಳು, 'ಸದ್ಯ, ನಮ್ಮದು ಸೇಫು' ಅಂತ."

ಅಂದರೆ ಆಕೆಯ ಈಗಿನ ಮೊಬೈಲ್ ನಂಬರು ಆ ಜಾಲತಾಣದಲ್ಲಿ ಇದೆ, ನಮ್ಮ ಹನ್ನೊಂದನೇ ನಂಬರಿನ ಪಕ್ಕದಲ್ಲೇ! ನಾನು ನಿಮ್ಮ ಕಚೇರಿಗೆ ಒಂಬತ್ತು ಸಲ ಫೋನು ಮಾಡಿದೆ. ಗ್ರಾಹಕರ ಖಾಸಗಿ ಮಾಹಿತಿ ಕೊಡಲಾಗದೆಂದರು. ನನಗೆ ಕೊಡಬೇಡಿ ಸ್ವಾಮಿ, ನೀವೇ ಒಂದು ಫೋನು ಮಾಡಿ ಎಂದೆ. ಸುರಕ್ಷಿತವೆಂದು ದಾಖಲಾದವರಿಗೆ ಫೋನು ಮಾಡುವ ಪದ್ಧತಿ ಇಲ್ಲವಂತೆ. ಆಕೆಯ ಗುಟ್ಟನ್ನು ಎಷ್ಟು ಚೆನ್ನಾಗಿ ಕಾಪಾಡುತ್ತಿದ್ದೀರಿ! ಅತ್ತೆಯ ಪ್ರಾಣವನ್ನು ಕಾಪಾಡುವುದು ಯಾವ ವಿಭಾಗಕ್ಕೆ ಸೇರುತ್ತದೆ?

ನನ್ನ ನೆನಪು ಉದ್ದದ್ದು. ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ಬಗೆಯ ಸೀಮೆಎಣ್ಣೆ ಒಲೆ ಸಿಡಿಯುತ್ತಿತ್ತು. ನಮ್ಮ ಚಿಕ್ಕಮ್ಮನ ಕೈ ಸುಟ್ಟಿದ್ದು ಅದರಿಂದಲೇ. ಆಗ ನಿಮ್ಮ ಕುರ್ಚಿಯಲ್ಲಿದ್ದವರು ಸೈಕಲ್ಲಿನ ಮೇಲೆ ಆಳು ಕಳಿಸಿದರು. ಅವನು ಅಡುಗೆಮನೆಗೇ ಬಂದು ಒಲೆಯನ್ನು ಕಣ್ಣಾರೆ ನೋಡಿ ಹೊತ್ತುಕೊಂಡು ಹೋದ. ಯಾರನ್ನೂ ನಂಬರು ಕೇಳಲಿಲ್ಲ.

ನನ್ನ ಬೇಡಿಕೆ ಇಷ್ಟೆ. ಆ ಹಸಿರು ವಾಕ್ಯವನ್ನು ಇವತ್ತೇ ತೆಗೆಸಿ. ಅದನ್ನು ನಂಬಿ ಹೋದ ಪ್ರತಿಯೊಬ್ಬರಿಗೂ ಫೋನು ಮಾಡಿಸಿ, ಮೊದಲ ಫೋನು ಹನ್ನೊಂದನೆಯದನ್ನು ಒಯ್ದವರಿಗೆ. ನನಗೆ ಶಿಕ್ಷೆ ಕೊಡುವುದಿದ್ದರೆ ಆಮೇಲೆ ಕೊಡಿ, ತಪ್ಪಿಸಿಕೊಳ್ಳುವುದಿಲ್ಲ.

ನೀವು ಮಾಡುತ್ತೀರೆಂಬ ನಂಬಿಕೆ ಸಾಲದೆ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಇನ್ನು ನಾಲ್ಕು ಸಾಲು ನಿಮಗಲ್ಲ.

ತಂಗೀ, ಅವಧಿ ಮುಗಿಯಿತೆಂದು ನಮ್ಮ ಬೀದಿ ತಪ್ಪಿಸಿ ಓಡಾಡಬೇಡಿ, ಯಾವ ದಂಡವೂ ಇಲ್ಲ. ನೀವು ಹಾಕಿದ್ದು ಬ್ಯಾಟರಿಯ ನಂಬರಲ್ಲ, ನಾನು ಅಂಟಿಸಿದ್ದು. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕೀಳಿ, ಬಟ್ಟೆಬರೆಯಿಂದ ದೂರ, ಬಯಲಲ್ಲಿ ಕಲ್ಲಿನ ಮೇಲಿಡಿ. ಊದಿದ್ದರೆ, ವಾಸನೆ ಬಂದರೆ, ಮುಟ್ಟಲು ಬಿಸಿ ಇದ್ದರೆ ಅದರ ಗೊಡವೆಗೇ ಹೋಗಬೇಡಿ. ನಾಲ್ಕು ಜನರನ್ನು ಕೂಗಿ ಅತ್ತೆಯನ್ನು ಹಾಸಿಗೆ ಸಮೇತ ಹೊರಗೆ ತನ್ನಿ. ಕಥೆ ಅರ್ಧಕ್ಕೆ ನಿಂತಿತೆಂದು ಅವರು ಸಿಟ್ಟಾದರೆ ನನ್ನ ಹೆಸರು ಹೇಳಿ. ವಿಳಾಸ ತಿಳಿಸಿ ಸಾಕು, ಪುಸ್ತಕ ತಂದು ಮಿಕ್ಕದ್ದನ್ನು ನಾನೇ ಕೂತು ಓದಿ ಹೇಳುತ್ತೇನೆ.

ಇಂತಿ,
ಹದಿಮೂರರ ಲೆಕ್ಕ ಸಿಕ್ಕಿಯೂ ನೆಮ್ಮದಿಯಿಲ್ಲದ ಗ್ರಂಥಪಾಲಕಿ