ತಾನಾಗಿ ತಿರುಗುತ್ತಿದ್ದ ಕಿಟಕಿ

ಸೋಮವಾರ, ಮಧ್ಯಾಹ್ನ

ನನ್ನ ಮುಂಗೋಪದ ಮಗಳೇ,

ಫೋನ್ ಎತ್ತುವುದಿಲ್ಲ. ನೀನು ಉಳಿದುಕೊಂಡಿರುವ ಗೆಳತಿಯ ಮನೆ ಬಾಗಿಲಿಗೆ ಬಂದರೆ ಮಲಗಿದ್ದಾಳೆ ಅಂತ ಹೇಳಿಸುತ್ತೀಯ. ಇರಲಿ, ಕಾಗದವನ್ನಾದರೂ ಓದಿಯೇ ಹರಿಯುತ್ತೀಯ. ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ!

ಗುರುವಾರ ವಿಚಾರಣಾ ಸಮಿತಿಯ ಮುಂದೆ ತಪ್ಪೆಲ್ಲ ನನ್ನದೇ ಎಂದು ಸಹಿ ಹಾಕುತ್ತೀಯಂತೆ. ಸಹಿ ಬಿದ್ದರೆ ಪೈಲಟ್ ಕೆಲಸ ಈ ಜನ್ಮಕ್ಕೆ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಮನುಷ್ಯನನ್ನು ಕೊಂದವಳು ಎಂದು ನಿನಗೆ ನೀನೇ ಬರೆದುಕೊಟ್ಟ ಹಾಗಾಗುತ್ತದೆ. ಹಾಕಬೇಡ ಕಣೇ. ಯಾಕೆ ಅಂತ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಆ ದಿನ ನೀನು ನಿಲ್ಲಿಸಿದ್ದ ವಿಮಾನವನ್ನು ಹೊರಡಿಸಿ ನೆಲದ ಮೇಲೆಯೇ ಬಲಕ್ಕೆ ತಿರುಗಿಸಿದೆ. ರೆಕ್ಕೆಯ ತುದಿ ಏಣಿಗೆ ತಾಗಿತು. ಏಣಿಯ ಮೇಲೆ ದೀಪ ಒರೆಸುತ್ತಿದ್ದ ಕೆಲಸಗಾರ ಬಿದ್ದ, ಮೂರನೆಯ ದಿನ ತೀರಿಕೊಂಡ. ಮೊದಲ ವಿಚಾರಣೆಯಲ್ಲಿ, ಕತ್ತು ತಿರುಗಿಸಿ ಯಾಕೆ ನೋಡಲಿಲ್ಲ ಅಂತ ಸಮಿತಿಯ ಅಧ್ಯಕ್ಷರು ಕೇಳಿದರು. ನೋಡಿದೀನಿ ಅಂತಲೇ ಅಂದ್ಕೊಂಡಿದ್ದೆ ಸಾರ್, ಅಂದೆ ನೀನು. ಯಾರೋ ಕಿಸಕ್ಕನೆ ನಕ್ಕರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಆಗಲೇ ಮೊದಲ ಸಲ ವಿಷಯ ಹೊಳೆಯಿತು.

ನೀನು ಹೇಳಿದ್ದು ನಿಜ. ನಮ್ಮ ತರಬೇತಿ ಕೇಂದ್ರದಲ್ಲಿ ಪರದೆಯ ಮುಂದೆ ಕೂರಿಸಿ ವಿಮಾನ ನಡೆಸುವುದನ್ನು ಕಲಿಸುವ ಸಿಮ್ಯುಲೇಟರನ್ನು ನೋಡಿಕೊಳ್ಳುವವಳು ನಾನು. ಮೂರು ಪರದೆ ಇರಬೇಕಾದ ಕಡೆ ಒಂದೇ ಇತ್ತು. ಪಕ್ಕದ ಕಿಟಕಿಯೇ ಕಾಣುವುದಿಲ್ಲ ಅಂತ ಕಲಿಯುವವರು ಗೊಣಗುತ್ತಿದ್ದರು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಕೈಚಕ್ರವನ್ನು ಬಲಕ್ಕೆ ತಿರುಗಿಸಿದರೆ ಕಾಕ್‌ಪಿಟ್ ಕ್ಯಾಮೆರಾ, ಅಂದರೆ ಪರದೆಯ ಮೇಲಿನ ನೋಟ, ತಾನೇ ಬಲಕ್ಕೆ ಹೊರಳಿ ರೆಕ್ಕೆಯ ತುದಿಯವರೆಗೂ ತೋರಿಸುತ್ತಿತ್ತು. ಚಕ್ರವನ್ನೂ ಹಗುರ ಮಾಡಿದೆ. ನಿಜವಾದ ವಿಮಾನ ನೆಲದ ಮೇಲೆ ಮೊದಲು ಮೊಂಡು ಹಿಡಿದು ಆಮೇಲೆ ಒಮ್ಮೆಲೇ ಹೊರಳುತ್ತದೆ. ನಮ್ಮದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗುತ್ತಿತ್ತು. ಎಲ್ಲರೂ ಹೊಗಳಿದರು. ನಾನೂ ಉಬ್ಬಿಹೋದೆ.

ನೀನು ಅದರಲ್ಲಿ ಇನ್ನೂರು ಗಂಟೆ ಕೂತವಳು. ಕೈ ತಿರುಗಿದರೆ ಕಣ್ಣು ನೋಡಿಯಾಯಿತು ಅಂತ ನಿನ್ನ ಮೈಗೆ ಕಲಿಸಿದ್ದು ನಾನು. ಕತ್ತಿಗೆ ಕೆಲಸವೇ ಇರಲಿಲ್ಲ.

ಇಷ್ಟು ತಿಳಿದೂ ಬಾಯಿಗೆ ಬೀಗ ಹಾಕಿಕೊಂಡೆ. ಕೆಲಸ ಹೋಗುತ್ತದೆ, ಜೈಲೂ ಆಗಬಹುದು ಅಂತ ಹೆದರಿದೆ. ಥೂ, ನಾನೂ ಒಬ್ಬ ತಾಯಿ! ವಿಚಾರಣೆಯ ದಿನ ಹೊರಗಿನ ಬೆಂಚಿನಲ್ಲಿ ಸತ್ತವನ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದಳು. ನೀರಿನ ಬಾಟಲಿಯ ಮುಚ್ಚಳ ತೆಗೆಯಲಾಗದೆ, ಸ್ವಲ್ಪ ತೆಗೆದುಕೊಡಕ್ಕಾ ಅಂದಳು. ತೆಗೆದುಕೊಟ್ಟೆ. ಅವಳಿಗೆ ನಾನು ಮಾಡಿದ್ದು ಅಷ್ಟೇ.

ಇವತ್ತು ಬೆಳಿಗ್ಗೆ ಆ ಕ್ಯಾಮೆರಾದ ವ್ಯವಸ್ಥೆಯನ್ನು ತೆಗೆದುಹಾಕಿದೆ. ಮೊದಲು ಕೂತ ಹುಡುಗಿ ಐದೇ ನಿಮಿಷಕ್ಕೆ ಎದ್ದು ಬಂದು, ಮೇಡಂ, ಯಂತ್ರ ಕೆಟ್ಟಿದೆ ಅಂದಳು.

ನಾನು ಮಾಡಿದ ಬದಲಾವಣೆಗಳ ದಾಖಲೆಯನ್ನು ಸಮಿತಿಗೆ ಕೊಟ್ಟಾಗಿದೆ. ಗುರುವಾರ ನಿನಗಿಂತ ಮೊದಲು ನಾನು ಒಳಗೆ ಹೋಗುತ್ತೇನೆ. ನಿನ್ನ ತಪ್ಪೇ ಇಲ್ಲ ಎಂದು ಹೇಳುವುದಿಲ್ಲ, ಹೇಳಿದರೂ ನೀನು ನಂಬುವವಳಲ್ಲ. ನನ್ನ ಪಾಲನ್ನು ಮಾತ್ರ ನನಗೆ ಬಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಕಾಗದ ಮುಗಿಸಿದ ಮೇಲೂ ಕೈ ಪೆನ್ನನ್ನು ಬಿಡುತ್ತಿಲ್ಲ: ವಿಚಾರಣೆಯ ದಿನ ಮೊದಲ ಸಲ ಹೊಳೆಯಿತು ಎಂದು ಮೇಲೆ ಬರೆದದ್ದು ಸುಳ್ಳು. ಹುಡುಗರು ಕತ್ತು ತಿರುಗಿಸುವುದನ್ನೇ ಮರೆಯುತ್ತಿದ್ದಾರೆ, ಈ ಕ್ಯಾಮೆರಾ ತೆಗೆಯಿರಿ ಎಂದು ಹಿರಿಯ ಬೋಧಕರು ಎರಡು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದರು. ಆ ಕಾಗದವನ್ನು ಡ್ರಾಯರಿನೊಳಗೆ ತಳ್ಳಿದವಳು ನಾನು. ಗುರುವಾರ ಅದನ್ನೂ ಒಯ್ಯುತ್ತೇನೆ. ಯಾಕೆ ಮುಚ್ಚಿಟ್ಟೆ ಎಂದು ಸಮಿತಿಯವರು ಕೇಳುವ ಮೊದಲು ನಿನಗೆ ಗೊತ್ತಿರಲಿ. ಕ್ಯಾಮೆರಾ ತೆಗೆದಿದ್ದರೆ ಕಲಿಯುವವರೆಲ್ಲರ ಅಂಕವೂ ಇಳಿಯುತ್ತಿತ್ತು, ಮತ್ತು ಆ ತಿಂಗಳ ಅಂಕಪಟ್ಟಿಯಲ್ಲಿ ಮೊದಲ ಹೆಸರು ನಿನ್ನದಿತ್ತು.