ಉಪವಾಸದ ಬಾಟಲಿ

ದೊಡ್ಡವ್ವಾ, ಫೋನಿನಲ್ಲಿ ಹೇಳಿದರೆ ನಕ್ಕುಬಿಡುತ್ತೀಯ, ಅದಕ್ಕೇ ಈ ಕಾರ್ಡು.

ಹಾಸನದ ಈ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವುದು ನನ್ನ ಕೆಲಸ. ಮೊನ್ನೆ ಒಂದು ಬಾಟಲಿಯಲ್ಲಿ ನಮ್ಮ ಕೊಣನೂರಿನ ಗದ್ದೆಯಲ್ಲಿರುವಂಥದ್ದೇ ಪಾಚಿ ಕಂಡಿತು. ಮೇಲೆ ‘ಸಾರಜನಕ ಕೊಡಬಾರದು’ ಎಂಬ ಚೀಟಿ. ಮೂರು ದಿನದ ಉಪವಾಸವಂತೆ. ಮನಸ್ಸು ತಡೆಯದೆ, ಹೂಕುಂಡಕ್ಕೆಂದು ಇಟ್ಟಿದ್ದ ಯೂರಿಯಾ ಒಂದು ಚಿಟಿಕೆ ಹಾಕಿಬಿಟ್ಟೆ.

ಮರುದಿನ ಲ್ಯಾಬಿನ ಮಾನಸಾ ಮೇಡಂ ಕಿರುಚಿದರು: “ಯಾರ್ರೀ ಇದಕ್ಕೆ ಊಟ ಹಾಕಿದ್ದು?”

“ನಾನೇ ಮೇಡಂ. ಅಸ್ಕೊಂಡಿತ್ತಲ್ಲಾ, ಕರುಳು ಚುರುಕ್ ಅಂತು.”

ಆಮೇಲೆ ಮೇಡಮ್ಮೇ ಬಿಡಿಸಿ ಹೇಳಿದರು: ಪಾಚಿಯೊಳಗೆ ಮನೆ ಯಜಮಾನಿಯಂಥ ಒಂದು ಪ್ರೋಟೀನಿದೆಯಂತೆ. ಹಸಿವಾದರೆ ಅದು ಗಾಳಿಯಿಂದಲೇ ಸಾರಜನಕ ಹಿಡಿಯುವ ಕೆಲಸ ಶುರುಮಾಡಿಸುತ್ತದೆ. ಹೊಟ್ಟೆ ತುಂಬಿದರೆ ‘ಸಾಕು’ ಎಂದು ನಿಲ್ಲಿಸುತ್ತದೆ. ನನ್ನ ಚಿಟಿಕೆಗೆ ನಿಲ್ಲಿಸಿಯೇಬಿಟ್ಟಿತ್ತು. ನನ್ನ ನೌಕರಿಯೂ ನಿಂತಿತು ಎಂದುಕೊಂಡೆ. ಆದರೆ ಮುಂದಿನ ವಾರ ಮೇಡಂ ಮಾಡಬೇಕಿದ್ದುದೂ ಹಸಿದ ಪಾಚಿಗೆ ಊಟ ಹಾಕಿ ನೋಡುವುದನ್ನೇ ಅಂತೆ! ಈಗ ಒಂದು ಬಾಟಲಿಗೆ ಬಡಿಸುವುದು, ಇನ್ನೊಂದನ್ನು ಉಪವಾಸ ಕೆಡವುವುದು, ಎರಡೂ ನನ್ನ ಪಾಲಿಗೆ ಬಂದಿವೆ.

ನೀನು ಕೇಳಿದ್ದ ನನ್ನ ಕೆಮ್ಮು ವಾಸಿಯಾಗಿದೆ. ಮಧ್ಯಾಹ್ನ ಮಾತ್ರ ಹೊರಗೆ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತು ಉಣ್ಣುತ್ತೇನೆ. ಹಸಿದ ಬಾಟಲಿಯ ಎದುರು ಡಬ್ಬಿ ಬಿಚ್ಚಲು ಕೈ ಬರುವುದಿಲ್ಲ.

ಅವಸರದಲ್ಲಿ,
ಯಶೋಧರಾ