ಕಣ್ಣಿಗೆ ಕಣ್ಣು ಸಿಕ್ಕ ಮೇಲೆ

ಮಾರ್ಚ್ ೯, ಸೋಮವಾರ

ನನ್ನ ಚೂಟಿಗೆ,

ದೊಡ್ಡಮ್ಮನ ಮನಸಾರೆ ಆಶೀರ್ವಾದ. ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಯಾರದೋ ಮನೆಯ ಹೊಲಿಗೆ ಯಂತ್ರದ ಹೊಟ್ಟೆಯೊಳಗೆ ಜಿರಳೆಗಳು ಅಜ್ಜಿ-ಮೊಮ್ಮಕ್ಕಳ ಸಮೇತ ಸಂಸಾರ ಹೂಡಿದ್ದವು. ಅವನ್ನು ಖಾಲಿ ಮಾಡಿಸಲು ಎರಡು ದಿನ ಹಿಡಿಯಿತು. ಉಳಿದ ಹತ್ತು ದಿನ ನಿನ್ನ ಮೇಲೆ ಕೋಪದಲ್ಲಿದ್ದೆ.

ಕಾಲಿನ ಪ್ಲಾಸ್ಟರ್ ತೆಗೆದರು, ಕೋಲಿಲ್ಲದೆ ವರಾಂಡದ ಆ ತುದಿಯವರೆಗೆ ನಡೆದೆ ಎಂದು ಬರೆದಿದ್ದೀಯ. ಓದಿ ಕಣ್ಣು ತುಂಬಿತು. ಅಲ್ಲಿಗೇ ನಿಲ್ಲಿಸಿದ್ದರೆ ಏನಾಗುತ್ತಿತ್ತು? ಕೆಳಗೆ ಸಣ್ಣ ಅಕ್ಷರದಲ್ಲಿ, ಮೋಟಾರ್ ಸೈಕಲ್ ಮಾರುತ್ತಿದ್ದೇನೆ, ೨೨ನೇ ತಾರೀಖು ಭಾನುವಾರ ಔಷಧಿ ಅಂಗಡಿಯವರು ಬಂದು ತೆಗೆದುಕೊಂಡು ಹೋಗುತ್ತಾರೆ, ಒಂದನೇ ತಾರೀಖಿನಿಂದ ಆಸ್ಪತ್ರೆಯ ಫೈಲುಗಳ ಕೋಣೆಯಲ್ಲಿ ಕೂರುತ್ತೇನೆ ಎಂದು ಸೇರಿಸಿದ್ದೀಯ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆಯುವ ನರ್ಸ್ ನೀನು. ನಿನ್ನ ಗಾಡಿಯ ಸದ್ದು ಕೇಳಿದರೆ ಅವರಿಗೆ ಅರ್ಧ ಗಾಯ ಮಾಯುತ್ತದೆ ಎಂದು ನೀನೇ ಹೇಳುತ್ತಿದ್ದೆ. ಫೈಲುಗಳಿಗೆ ಯಾವ ಗಾಯವಾಗುತ್ತದೆ ಮಗಳೇ?

ಗಾಡಿ ಮಾರಬೇಡ ಎಂದು ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಬೆನ್ನ ಹಿಂದೆ ನಿಂತು ಇದನ್ನು ಓದಿದ ನಿನ್ನ ದೊಡ್ಡಪ್ಪ, "ಮತ್ತೆ ಇನ್ಯಾತಕ್ಕೆ ಬರೀತಿದ್ದೀಯ?" ಎಂದರು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರಿಗೆ ಪರರ ಪತ್ರ ಓದಬಾರದೆಂದು ಗೊತ್ತಿರಬೇಕಿತ್ತು.

ನಾನು ಹೇಳುವುದಿಷ್ಟು. ರಸ್ತೆ ನಿನ್ನೆ ಮೊನ್ನೆ ಕೆಟ್ಟದ್ದಲ್ಲ. ನಾನು ಮೋಟಾರ್ ಸೈಕಲ್ ಹತ್ತಿ ಹೊಲಿಗೆ ಯಂತ್ರಗಳ ರಿಪೇರಿಗೆ ಹೊರಟ ಮೊದಲ ದಿನದಿಂದಲೂ ಅದು ಹೀಗೇ ಇದೆ. ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ ಬಟ್ಟೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಬಟ್ಟೆಯೇ. ಎರಡು ಚಕ್ರದವರು ಬಟ್ಟೆ, ನಾಲ್ಕು ಚಕ್ರದವರು ಮುಳ್ಳು. ಯಾರು ಸರಿ, ಯಾರು ತಪ್ಪು ಎಂಬುದೆಲ್ಲ ಬಿದ್ದ ಮೇಲಿನ ಮಾತು.

ಅದಕ್ಕೇ ನಿನಗೆ ಅಷ್ಟೆಲ್ಲ ಕಲಿಸಿದ್ದು. ನಿಂತ ಕಾರಿನೊಳಗೆ ಒಂದು ತಲೆ ಕಂಡರೆ ಬಾಗಿಲು ತೆರೆಯುತ್ತದೆ ಎಂದೇ ತಿಳಿದು ಒಂದು ಬಾಗಿಲಿನಷ್ಟು ದೂರದಿಂದ ಹೋಗಬೇಕು. ಲಾರಿಯ ಕನ್ನಡಿಯಲ್ಲಿ ಡ್ರೈವರನ ಮೀಸೆ ನಿನಗೆ ಕಾಣದಿದ್ದರೆ ಅವನ ಪಾಲಿಗೆ ನೀನು ಹುಟ್ಟಿಯೇ ಇಲ್ಲ. ಹಸಿರು ದೀಪ ಬಂದ ಕೂಡಲೇ ಹಾರಬಾರದು, ಒಂದು ಎರಡು ಎಣಿಸಬೇಕು; ಆ ಎರಡರೊಳಗೆ ಕೆಂಪು ದೀಪದವನೊಬ್ಬ ತನ್ನ ಮಾವನ ಮನೆಗೆ ಹೊರಟವನಂತೆ ಹಾದುಹೋಗಿರುತ್ತಾನೆ. ಎಡಕ್ಕೆ ದೀಪ ಮಿನುಗಿಸುತ್ತಿರುವವನು ಬಲಕ್ಕೆ ತಿರುಗಬಹುದು, ನೇರ ಹೋಗಬಹುದು, ಅದನ್ನು ಹೋದ ವಾರ ಹಾಕಿ ಮರೆತಿರಲೂಬಹುದು. ದೊಡ್ಡಪ್ಪನನ್ನೇ ನೋಡು. ಹಿಂದೆ ಕೂತು ಮಡಚಿದ ಛತ್ರಿಯಲ್ಲಿ ದಾರಿ ತೋರಿಸುತ್ತಾರೆ. ನಾನು ಬಲಕ್ಕೆ ತಿರುಗುವಾಗ ಅವರ ಛತ್ರಿ ಎಡಕ್ಕಿರುತ್ತದೆ. ಕೇಳಿದರೆ, "ಆ ಕಡೆ ಒಂದು ಮನೆಗೆ ಹೊಸದಾಗಿ ಬಣ್ಣ ಹೊಡೆದಿದ್ರು, ತೋರಿಸ್ದೆ" ಎನ್ನುತ್ತಾರೆ.

ಇವೆಲ್ಲಕ್ಕಿಂತ ಮೇಲಿನದು ಯಾವುದೆಂದು ನಿನಗೆ ಗೊತ್ತು. ಎದುರಿನಿಂದ ಬರುವವನ ಕಣ್ಣಿಗೆ ನಿನ್ನ ಕಣ್ಣು ಸಿಗುವವರೆಗೆ ಕೂಡುರಸ್ತೆ ದಾಟಬಾರದು. ಕಣ್ಣಿಗೆ ಕಣ್ಣು ಸಿಕ್ಕ ಮೇಲೆ ಮನುಷ್ಯ ಮನುಷ್ಯನ ಮೇಲೆ ಹತ್ತಿಸುವುದಿಲ್ಲ. ಆ ಕಾರು ಬಡಿದ ದಿನ ನಿನ್ನ ಗಮನ ಎಲ್ಲೋ ಇತ್ತು, ನೋಡುವುದನ್ನು ಮರೆತೆ. ಅಷ್ಟೇ ತಾನೇ? ಅದೊಂದು ಮರೆವಿಗೆ ಗಾಡಿಯನ್ನೇ ಮಾರುವುದೆಂದರೆ, ಸೂಜಿ ಚುಚ್ಚಿತೆಂದು ಯಂತ್ರವನ್ನೇ ಬಾವಿಗೆ ಎಸೆದ ಹಾಗೆ.

ಯೋಚಿಸಿ ಬರಿ. ಕಾಲಿಗೆ ಎಣ್ಣೆ ತಿಕ್ಕು.

ನಿನ್ನ ದೊಡ್ಡಮ್ಮ


ಮಾರ್ಚ್ ೧೮, ಬುಧವಾರ

ನನ್ನ ಮುದ್ದು ಚೂಟಿಗೆ,

ಈ ಸಲ ತಡ ಮಾಡಿಲ್ಲ. ಇದನ್ನು ಅಂಚೆಗೂ ಹಾಕುತ್ತಿಲ್ಲ. ನಾಳೆ ನಿಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತೇನೆ. ದೊಡ್ಡಪ್ಪನಿಗೆ ಇದರಿಂದ ಬಹಳ ಅವಮಾನವಾಗಿದೆ.

ನಿನ್ನ ಉತ್ತರ ಶುಕ್ರವಾರ ಬಂತು. ನಾಲ್ಕು ಪುಟ ಬರೆದವಳಿಗೆ ಎರಡು ಸಾಲು. "ದೊಡ್ಡಮ್ಮ, ನಾನು ಅವನ ಕಣ್ಣು ನೋಡಿದ್ದೆ. ಅವನೂ ನನ್ನನ್ನು ನೋಡಿದ. ಆಮೇಲೆ ಕಾರು ತಿರುಗಿಸಿದ."

ಅವತ್ತು ಮಧ್ಯಾಹ್ನ ಯಂತ್ರವೊಂದಕ್ಕೆ ಬೆಲ್ಟ್ ತಲೆಕೆಳಗಾಗಿ ಹಾಕಿದೆ. ಮರುದಿನ ಬೆಳಿಗ್ಗೆ ದೊಡ್ಡಪ್ಪನಿಗೆ, "ಏಳಿ, ಷರ್ಟು ಹಾಕ್ಕೊಳ್ಳಿ, ನಾಲ್ಕು ರಸ್ತೆ ಕೂಡೋ ಕಡೆ ಹೋಗ್ಬೇಕು" ಎಂದೆ.

"ಏನು ರಿಪೇರಿ?"

"ಒಂದು ಮಾತು ಕೆಟ್ಟಿದೆಯೋ ಇಲ್ವೋ ನೋಡ್ಬೇಕು."

ಯಂತ್ರ ಕೆಟ್ಟಾಗ ಮನೆಯವರು ಸಾವಿರ ಕಾರಣ ಹೇಳುತ್ತಾರೆ. ದಾರ ಸರಿಯಿಲ್ಲ, ಮನೆಗೆ ದೃಷ್ಟಿಯಾಗಿದೆ, ನಾದಿನಿ ಮುಟ್ಟಿದಳು. ನಾನು ಯಾರ ಮಾತನ್ನೂ ಕೇಳದೆ ಅರ್ಧ ಗಂಟೆ ಸುಮ್ಮನೆ ಕೂತು ನೋಡುತ್ತೇನೆ. ನನಗೆ ಗೊತ್ತಿರುವ ವಿದ್ಯೆ ಅದೊಂದೇ. ರಸ್ತೆಯನ್ನೂ ಹಾಗೇ ನೋಡೋಣವೆಂದು ಹೊರಟೆ.

ಸಿಗ್ನಲ್ ಇಲ್ಲದ ಕೂಡುರಸ್ತೆ ಅದು. ಮುಚ್ಚಿಹೋದ ಗೋದಾಮಿನ ಗಲ್ಲಿಯ ಬಾಯಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು ಕೂತೆ. ಹಿಂದೆ ಬರುವವರು ಯಾರೂ ಇಲ್ಲ. ತಿರುಗಲು ಬಂದವನ ಕಣ್ಣು ಹಿಡಿಯುವುದು, ಈಗ ಹೊರಟೆ ಎನ್ನುವ ಹಾಗೆ ಒಂದು ಗೇಣು ಮುಂದೆ ಸರಿಯುವುದು, ಅಲ್ಲೇ ನಿಲ್ಲುವುದು. ಅವನು ನನಗೆ ದಾರಿ ಬಿಡುತ್ತಾನೋ, ನೋಡಿಯೂ ತಿರುಗಿಸುತ್ತಾನೋ ನೋಡುವುದು. ಪಾದಚಾರಿ ಕಟ್ಟೆಯ ಮೇಲೆ ನಿಂತ ದೊಡ್ಡಪ್ಪನ ಕೆಲಸ ಎಣಿಸುವುದು.

ಅವರು ಕಿವಿಯ ಹಿಂದಿನಿಂದ ಪೆನ್ನು ತೆಗೆದು ಪುಸ್ತಕ ಬಿಚ್ಚಿದ್ದೇ ತಡ, ಊರೇ ಸಂಭಾವಿತವಾಗಿಬಿಟ್ಟಿತು ನೋಡು! ಬೆಲ್ಟ್ ಹಾಕಿಕೊಳ್ಳುವವರೇನು, ಫೋನ್ ಸೀಟಿನ ಕೆಳಗೆ ತಳ್ಳುವವರೇನು. ಒಬ್ಬನಂತೂ ಕಾರು ನಿಲ್ಲಿಸಿ ದೊಡ್ಡಪ್ಪನಿಗೆ ನಮಸ್ಕಾರ ಮಾಡಿ, "ಸಾರ್, ನಂಬರ್ ಬರ್ಕೊಂಡ್ರಾ? ಮನೇಲಿ ಹುಷಾರಿಲ್ಲ ಸಾರ್" ಎಂದ. ದೊಡ್ಡಪ್ಪ ಗಂಭೀರವಾಗಿ, "ಈ ಸಲ ಬಿಟ್ಟಿದ್ದೀನಿ, ಹೋಗಿ" ಎಂದರು. ಜನ್ಮದಲ್ಲಿ ಮೊದಲ ಸಲ ಅಧಿಕಾರ ಸಿಕ್ಕಿತ್ತು, ನಾನೇಕೆ ಕಿತ್ತುಕೊಳ್ಳಲಿ?

ಆದರೆ ಹೀಗಾದರೆ ಸತ್ಯ ಗೊತ್ತಾಗುವುದು ಹೇಗೆ? ಪುಸ್ತಕ ಕಿತ್ತು ಗಾಡಿಯ ಪೆಟ್ಟಿಗೆಗೆ ಹಾಕಿ, ಅದರಲ್ಲಿದ್ದ ಷರ್ಟಿನ ಗುಂಡಿಗಳ ಡಬ್ಬಿ ಕೊಟ್ಟೆ. ಕಣ್ಣು ಕೊಟ್ಟು ನಿಂತವರಿಗೆ ಎಡ ಜೇಬಿಗೊಂದು ಬಿಳಿ ಗುಂಡಿ. ಕಣ್ಣು ಕೊಟ್ಟೂ ನುಗ್ಗಿದವರಿಗೆ ಬಲ ಜೇಬಿಗೊಂದು ಕಪ್ಪು ಗುಂಡಿ.

ಅಷ್ಟರಲ್ಲಿ ಟ್ರಾಫಿಕ್ ಪೊಲೀಸಿನವನು ಬಂದ. "ಏನಮ್ಮ, ಗಾಡಿ ಕೆಟ್ಟಿದ್ಯಾ?"

"ಗಾಡಿ ಚೆನ್ನಾಗಿದೆಯಪ್ಪ."

"ಮತ್ತೆ ಯಾಕೆ ಹೋಗ್ತಿಲ್ಲ?"

"ಹೋಗೋಕೆ ಬಂದಿಲ್ಲ, ನೋಡೋಕೆ ಬಂದಿದ್ದೀನಿ."

ಅವನು ದೊಡ್ಡಪ್ಪನ ಕಡೆ ತಿರುಗಿದ. ಅವರು ಜೇಬಿಗೆ ಗುಂಡಿ ಹಾಕುತ್ತಾ, "ನನ್ನ ಕೇಳ್ಬೇಡಿ, ನಲವತ್ತು ವರ್ಷದಿಂದ ನಾನೂ ಕೇಳಿಲ್ಲ" ಎಂದರು. ಆತ ಹೋಗಿ ಎರಡು ಲೋಟ ಚಹಾ ತಂದುಕೊಟ್ಟ. ಹುಚ್ಚರನ್ನು ಸಮಾಧಾನವಾಗಿ ನೋಡಿಕೊಳ್ಳಬೇಕೆಂದು ಪೊಲೀಸರಿಗೆ ಕಲಿಸಿರುತ್ತಾರೆಂದು ಕಾಣುತ್ತದೆ.

ಮಧ್ಯಾಹ್ನಕ್ಕೆ ಮನೆಗೆ ಬಂದು ಮೇಜಿನ ಮೇಲೆ ಜೇಬು ಸುರಿದೆವು. ಬಿಳಿ ಗುಂಡಿ ಐವತ್ತೊಂದು. ಕಪ್ಪು ಹನ್ನೊಂದು.

ಹನ್ನೊಂದು ಜನ, ಚೂಟಿ. ನನ್ನ ಕಣ್ಣಿಗೆ ಕಣ್ಣು ಕೊಟ್ಟು, ನನ್ನ ಮೂಗಿನ ಮುಂದೆಯೇ ತಿರುಗಿಸಿಕೊಂಡು ಹೋದರು. ಅವರಲ್ಲೊಬ್ಬಳು ನನ್ನ ಗಿರಾಕಿಯೇ, ಶಾಲೆಯ ಸಮವಸ್ತ್ರ ಹೊಲಿಯುವಾಕೆ. ನನ್ನನ್ನು ನೋಡಿ ಬಾಯಿ ತುಂಬ ನಕ್ಕಿದ್ದಳು. ಸಂಜೆ ಅವಳ ಯಂತ್ರ ನೋಡಲು ಹೋದಾಗ ಬಿಡಲಿಲ್ಲ, ಕೇಳಿದೆ.

"ಅಯ್ಯೋ ಅಕ್ಕ, ನೀವಲ್ಲಿದ್ರಾ? ನಾನು ನೋಡ್ಲೇ ಇಲ್ವಲ್ಲ!"

"ನನ್ನ ನೋಡಿ ನಕ್ಕೆಯಲ್ಲೇ ಮಾರಾಯ್ತಿ!"

"ಅದಾ? ರೇಡಿಯೋದಲ್ಲಿ ಏನೋ ತಮಾಷೆ ಬರ್ತಿತ್ತು."

ಅವಳು ಸುಳ್ಳು ಹೇಳುವವಳಲ್ಲ. ಕಣ್ಣು ನನ್ನ ಮೇಲಿತ್ತು, ಮನಸ್ಸು ರೇಡಿಯೋದೊಳಗಿತ್ತು. ಕಾರಿನವರ ಕಣ್ಣು ಇನ್ನೊಂದು ಕಾರನ್ನು ಹುಡುಕುತ್ತಿರುತ್ತದೆ. ನಾವು ತೆಳ್ಳಗಿನವರು, ಅದರ ಸಂದಿಯಲ್ಲಿ ಸೋರಿಹೋಗುತ್ತೇವೆ. ನಿನ್ನನ್ನು ಬೀಳಿಸಿದವನೂ ನಿನ್ನನ್ನು ನೋಡಿದ, ಆದರೆ ಅವನಿಗೆ ನೀನು ಕಾಣಲಿಲ್ಲ. ನೀನು ಏನನ್ನೂ ಮರೆತಿರಲಿಲ್ಲ. ನಾನು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದೆ. ಕೆಟ್ಟಿದ್ದು ನನ್ನ ಪಾಠ. ಅದಕ್ಕೆ ನಾಲ್ಕು ಪುಟ ನಿನ್ನನ್ನೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು. ನೆಲ ಮಾತ್ರ ಪಾಪ, ಎರಡೇ ಸಾಲಿನಲ್ಲಿ ಉತ್ತರ ಬರೆಯಿತು.

ಹಾಗಾದರೆ ಏನು ನೋಡಬೇಕು? ಸೋಮವಾರ ಮತ್ತೆ ಹೋಗಿ ಕೂತೆ. ಈ ಸಲ ಮುಖಗಳನ್ನು ಬಿಟ್ಟು ಮುಂದಿನ ಚಕ್ರ ನೋಡಿದೆ. ಮುಖ ನಗುತ್ತದೆ, ಕೈ ‘ಹೋಗಿ ಹೋಗಿ’ ಎನ್ನುತ್ತದೆ, ದೀಪ ಎಡಕ್ಕೆ ಮಿನುಗುತ್ತದೆ. ಚಕ್ರಕ್ಕೆ ಮಾತ್ರ ಸುಳ್ಳು ಹೇಳಲು ಬರುವುದಿಲ್ಲ. ಅದು ಪೂರ್ತಿ ನಿಂತಿದ್ದರೆ ನಿಂತಿದೆ. ಒಂದು ಬೆರಳಷ್ಟು ಉರುಳುತ್ತಿದ್ದರೂ ಅವನು ಬರುತ್ತಾನೆ ಎಂದೇ ತಿಳಿ. ವೇಗ ಇಳಿಸು, ಎರಡು ಬೆರಳು ಬ್ರೇಕಿನ ಮೇಲಿರಲಿ, ತಪ್ಪಿಸಿಕೊಳ್ಳಲು ಒಂದು ಪಕ್ಕ ಖಾಲಿ ಇಟ್ಟುಕೋ. ಸರದಿ ನಿನ್ನದೇ ಆಗಿದ್ದರೂ ಬಿಟ್ಟುಕೊಡು. ಮುಂದಿನ ಮನೆಯಲ್ಲಿ ಕಾಯುತ್ತಿರುವವರಿಗೆ ಬೇಕಾಗಿರುವುದು ನೀನು, ನಿನ್ನ ಸರದಿಯಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನಗೆ ಮನಸ್ಸಿದ್ದರೆ ನೀನು ಓಡಿಸು, ನಾನು ಹಿಂದೆ ಕೂರುತ್ತೇನೆ, ಬಾಯಿ ಬಿಡುವುದಿಲ್ಲ. ಕೈ ನಡುಗಿದರೆ ಇಳಿದು ತಳ್ಳಿಕೊಂಡು ವಾಪಸ್ ಬರೋಣ, ಇಬ್ಬರಿದ್ದೇವಲ್ಲ. ಭಾನುವಾರ ಔಷಧಿ ಅಂಗಡಿಯವರು ಬಂದಾಗ ಕೊಡಬೇಕೋ ಬಿಡಬೇಕೋ ನಿನ್ನ ಇಷ್ಟ. ಕೊಟ್ಟರೆ ನಾನೇ ಒರೆಸಿ, ಎಣ್ಣೆ ಹಾಕಿ ಕಳಿಸುತ್ತೇನೆ.

ನೀನು ಹೋದಲ್ಲೆಲ್ಲ ರಸ್ತೆ ಅಗಲವಾಗಲಿ. ಎದುರಿಗೆ ಬರುವವರ ಮನಸ್ಸು ಅವರ ಕಣ್ಣಿನ ಜೊತೆಗೇ ಇರಲಿ.

ನಿನ್ನ ದೊಡ್ಡಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಹನ್ನೊಂದು ಜನರನ್ನು ಎಣಿಸುವ ಅಗತ್ಯವೇ ಇರಲಿಲ್ಲ ಚೂಟಿ. ಒಬ್ಬ ನನಗೆ ಮೊದಲೇ ಗೊತ್ತಿದ್ದ. ಹತ್ತೊಂಬತ್ತು ವರ್ಷದ ಹಿಂದೆ ಹಾಲಿನ ವ್ಯಾನಿನವನೊಬ್ಬ ನನ್ನ ಕಣ್ಣು ನೋಡಿ, ಕೈಯನ್ನೂ ಎತ್ತಿ, ಅಡ್ಡ ತಿರುಗಿಸಿದ. ಮೊಣಕೈಯ ಚರ್ಮ ರಸ್ತೆಗೆ ಕೊಟ್ಟು ಬಂದೆ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ತಗುಲಿತು ಎಂದೆ. ಆಗ ಊರಿನಲ್ಲಿ ಮೋಟಾರ್ ಸೈಕಲ್ ಓಡಿಸುವ ಹೆಂಗಸು ನಾನೊಬ್ಬಳೇ; ಇವತ್ತಲ್ಲ ನಾಳೆ ಬೀಳ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರು. ಬಿದ್ದೆ ಎಂದರೆ ಬೀಗದ ಕೈ ಹೋಗುತ್ತದೆ ಎಂದು ಹೆದರಿದೆ. ಅವನು ಕುಡಿದಿದ್ದ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಗಿನ ಹತ್ತು ಗಂಟೆಗೆ ಹಾಲು ಹಂಚುವವನು ಎಲ್ಲಿ ಕುಡಿದಿರುತ್ತಾನೆ? ಆಮೇಲೆ ಅದೇ ಕಣ್ಣಿನ ಪಾಠವನ್ನು ನಿನಗೆ ದೊಡ್ಡ ಗುಟ್ಟಿನ ಹಾಗೆ ಕಲಿಸಿದೆ.

ನಿನ್ನೆ ದೊಡ್ಡಪ್ಪನಿಗೆ ಹೇಳಿಬಿಟ್ಟೆ. ಅವರು ಪತ್ರಿಕೆಯಿಂದ ತಲೆ ಎತ್ತದೆ, "ಗೊತ್ತಿತ್ತು. ಇಸ್ತ್ರಿಪೆಟ್ಟಿಗೆ ಸುಡುತ್ತೆ, ಅದರೊಳಗೆ ಜಲ್ಲಿಕಲ್ಲು ಇರಲ್ಲ" ಎಂದರು.

ಆಸ್ಪತ್ರೆಯಲ್ಲಿ ನಿನ್ನ ಅಮ್ಮ, "ಹೇಗೆ ಬಿದ್ದೆ?" ಎಂದು ಕೇಳಿದಾಗ ನೀನು ಮೊದಲು ನನ್ನ ಮುಖ ನೋಡಿದೆ. ಆಮೇಲೆ ಅವಳಿಗೆ, "ನಂದೇ ತಪ್ಪಮ್ಮ, ಗಮನ ಎಲ್ಲೋ ಇತ್ತು" ಎಂದೆ. ನೀನು ಅವನ ಕಣ್ಣು ನೋಡಿಯೇ ದಾಟಿದ್ದೆ ಎಂದು ಆಗಲೇ ನನಗೆ ಗೊತ್ತಾಯಿತು. ನಾನು ಪಕ್ಕದಲ್ಲಿ ಕೂತು ನಿನಗೆ ಕಿತ್ತಳೆ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ.

ಶನಿವಾರ ಅಮ್ಮನ ಎದುರಿಗೇ ಹೇಳುತ್ತೇನೆ. ನೀನು ಅಡ್ಡ ಬಾಯಿ ಹಾಕಬೇಡ.